ಸಾವಿತ್ರಮ್ಮ ಸತ್ತ ಮಾರನೆಯ ದಿನ

ನಂಜಪ್ಪ ಫೋಟೋ ಕೇಳಿದಾಗ ಅದು ಯಾವುದೋ ಪತ್ರಿಕೆಗೆ ಇರಬೇಕೆಂದು ಸುವರ್ಣಾ ತಿಳಿದಿದ್ದಳು. ನಂಜಪ್ಪ ಧಾರಾವಾಹಿಯ ಪ್ರೊಡಕ್ಷನ್ ಮ್ಯಾನೇಜರ್. ಊಟದ ಬಿಡುವಿನಲ್ಲಿ ಹತ್ತಿರ ಬಂದು, 'ಮೇಡಂ, ನಿಮ್ಮದೊಂದು ಒಳ್ಳೇ ಫೋಟೋ ಬೇಕಿತ್ತು, ಸ್ವಲ್ಪ ನಗ್ತಾ ಇರೋದು' ಎಂದಿದ್ದ. ಅವಳು ಮನೆಗೆ ಹೋಗಿ ಟ್ರಂಕು ತೆಗೆದು, ಇದಲ್ಲ, ಇದಲ್ಲ ಎಂದು ಎಷ್ಟೋ ಹೊತ್ತು ಹುಡುಕಿ, ರಾಜ್ಯಪ್ರಶಸ್ತಿ ಬಂದ ವರ್ಷ ತೆಗೆಸಿದ್ದ ಕಪ್ಪುಬಿಳುಪಿನ ಫೋಟೋವೊಂದನ್ನು ಆರಿಸಿ ಒಯ್ದು ಕೊಟ್ಟಳು. ಅದರಲ್ಲಿ ಅವಳ ಕತ್ತು ಸ್ವಲ್ಪ ಓರೆಯಾಗಿತ್ತು. ಯಾರೋ ಕರೆದದ್ದಕ್ಕೆ ತಿರುಗುತ್ತಿರುವವಳ ಹಾಗೆ. ಮಾರನೆಯ ದಿನ ಸೆಟ್ಟಿನ ಕಲಾನಿರ್ದೇಶಕ ಅದನ್ನು ವಾಪಸು ತಂದ. 'ಇದು ತೀರಾ ಚಿಕ್ಕ ವಯಸ್ಸಿಂದಾಯ್ತು ಮೇಡಂ. ಸಾವಿತ್ರಮ್ಮ ಸತ್ತಾಗ ಹೇಗಿದ್ರೋ ಹಾಗಿರೋದು ಕೊಡಿ. ಹಾರ ಹಾಕಿದ್ರೆ ನೋಡೋರಿಗೆ ನಂಬಿಕೆ ಬರಬೇಕಲ್ಲ.' ಅವನ ಮೊಣಕೈಯಲ್ಲಿ ಗಂಧದ ಹಾರವೊಂದು ತೂಗುತ್ತಿತ್ತು. ಮೂರು ವರ್ಷದಿಂದ ತಾನು ಅಭಿನಯಿಸುತ್ತ ಬಂದ ಸಾವಿತ್ರಮ್ಮನ ಪಾತ್ರವನ್ನು ಸಾಯಿಸುತ್ತಾರೆಂದು ಅವಳಿಗೆ ತಿಳಿದದ್ದು ಹೀಗೆ. ಸಾಯುವ ದೃಶ್ಯವನ್ನಾದರೂ ಕೊಟ್ಟಾರೆಂದು ಕಾದಳು. ಕೊಡಲಿಲ್ಲ. ಧಾರಾವಾಹಿಯ ಸೊಸೆಯೊಬ್ಬಳು ಫೋನು ಎತ್ತುತ್ತಾಳೆ, 'ಏನು? ಬಸ್ಸು ಮಗುಚಿತಾ?' ಎಂದು ಚೀರುತ್ತಾಳೆ, ರಿಸೀವರು ಕೆಳಗೆ ಬೀಳುತ್ತದೆ. ಮುಂದಿನ ಶಾಟಿನಲ್ಲಿ ಗೋಡೆಯ ಮೇಲೆ ಫೋಟೋ. ಆ ಕಂತು ನಿನ್ನೆ ಸಂಜೆ ಪ್ರಸಾರವಾಗಿತ್ತು. ಅವಳು ನೋಡಲಿಲ್ಲ. ಬೆಳಿಗ್ಗೆ ಎದ್ದು ಅರಸೀಕೆರೆಗೆ ರೈಲು ಹತ್ತಿದಳು.

ಅರಸೀಕೆರೆ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ಏರಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗುರುತು ಹಿಡಿದಾರೆಂಬ ಭಯಕ್ಕೋ, ಹಿಡಿಯಲಿಕ್ಕಿಲ್ಲ ಎಂಬ ಭಯಕ್ಕೋ ಅವಳಿಗೇ ಸ್ಪಷ್ಟವಿರಲಿಲ್ಲ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಾದಿಹಳ್ಳಿಯ ಮನೆಯಲ್ಲಿ ಅವ್ವನ ಮುಂದೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. ಸಾಕಾಯಿತು ಅವ್ವ, ಬಿಟ್ಟುಬಿಡುತ್ತೇನೆ. ಇಷ್ಟೇ. ಅವ್ವ 'ಬಿಡು ಮಗ, ಬಾ' ಎನ್ನಬೇಕು. ಆ ಮಾತೊಂದು ಅವ್ವನ ಬಾಯಿಂದ ಬಂದರೆ ಇಪ್ಪತ್ತೇಳು ವರ್ಷದ ಬಣ್ಣ ತೊಳೆದುಕೊಂಡ ಹಾಗೆ. ಬಾರದಿದ್ದರೆ ಏನು ಮಾಡುವುದೆಂದು ಅವಳು ಯೋಚಿಸಿರಲಿಲ್ಲ. ಯೋಚಿಸದೆ ಇರಲು ಕಾರಣವಿತ್ತು: ಬ್ಯಾಗಿನಲ್ಲಿ ಚನ್ನಕೇಶವನೆಂಬ ಹೊಸ ನಿರ್ದೇಶಕ ಕೊಟ್ಟ ಸ್ಕ್ರಿಪ್ಟು ಇತ್ತು. ಬೇಲೂರಿನವನು, ಮೊದಲ ಸಿನಿಮಾ, ಚಿತ್ರೀಕರಣವೂ ಬೇಲೂರಿನ ಸುತ್ತಲೇ, ಸೋಮವಾರದಿಂದ. 'ಎಪ್ಪತ್ತು ವರ್ಷದ ಮುದುಕಿ ಮೇಡಂ. ಇಡೀ ಸಿನಿಮಾ ಅವಳದೇ. ನೀವಲ್ಲದೆ ಯಾರೂ ನನಗೆ ಕಾಣ್ತಿಲ್ಲ' ಎಂದಿದ್ದ. ಅವಳಿಗೆ ನಲವತ್ತಾರು. ಮೂವತ್ತೆರಡಕ್ಕೆ ತನಗಿಂತ ಹಿರಿಯನಾದ ನಾಯಕನಿಗೆ ತಾಯಿಯಾಗಿದ್ದಳು. ಈಗ ನೇರ ಎಪ್ಪತ್ತಕ್ಕೆ ಬಡ್ತಿ. ಫೋಟೋ ಆಗಿ ಗೋಡೆಗೆ ಹೋಗುವ ಮೊದಲು ಇರುವ ಕೊನೆಯ ಮೆಟ್ಟಿಲು ಅದೇ ಎನ್ನಿಸಿ, ಅರ್ಧ ಓದಿ ಮುಚ್ಚಿಟ್ಟಿದ್ದಳು. ಉತ್ತರ ಕೊಟ್ಟಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಜಾವಗಲ್ ಬರುವ ತನಕ ಅವಳನ್ನು ಓರೆಗಣ್ಣಿನಿಂದ ನೋಡಿ, ಕೊನೆಗೆ ತಡೆಯಲಾರದೆ ಕೇಳಿದಳು: 'ತಪ್ಪು ತಿಳ್ಕಾಬ್ಯಾಡಿ. ನೀವು ಸಾವಿತ್ರಮ್ಮೋರ ತಂಗಿ ಏನ್ರೀ?'

ಸುವರ್ಣಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. 'ಹೌದು' ಎಂದಳು.

'ಅದೇ ಅಂದ್ಕಂಡೆ. ಅವ್ರಂಗೇ ಇದ್ದೀರಿ, ಆದ್ರೆ ಅವ್ರು ಇನ್ನೊಂಚೂರು ಮೈಕೈ ತುಂಬ್ಕಂಡಿದ್ರು.' ಆ ಹೆಂಗಸು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. 'ಸಮಾಧಾನ ಮಾಡ್ಕಳಿ. ಒಳ್ಳೇರ್ನೇ ದೇವ್ರು ಬೇಗ ಕರ್ಕಳೋದು. ಆ ಸೊಸೆ ಮುಂಡೆ ಐತಲ್ಲ, ಅದನ್ನ ಬಿಟ್ಟು ಇವ್ರನ್ನ ಕರ್ಕಂಡ ನೋಡಿ.'

ನಗು ಬರಬೇಕಾಗಿತ್ತು, ಬರಲಿಲ್ಲ. ಆ ಕೈಯ ಬಿಸಿ ಮೊಣಕಾಲ ಮೇಲೆ ಬಹಳ ಹೊತ್ತು ಉಳಿಯಿತು. ತನ್ನ ಸಾವಿಗೆ ತನಗೇ ಸಾಂತ್ವನ ಸಿಕ್ಕಿದೆ, ಅದೂ ತಾನು ಯಾರೆಂದು ಸುಳ್ಳು ಹೇಳಿದ್ದಕ್ಕೆ. ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಹಳೇಬೀಡಿನ ಕೆರೆ ಕಂಡಾಗ ಅವಳ ನೆನಪಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಏರಿಯ ಮೇಲೆ ಕೊಡ ಹೊತ್ತು ನಡೆಯುತ್ತಿದ್ದಳು. ಅಂದು ಸಿನಿಮಾದವರು ಬೆಂಗಳೂರಿನಿಂದ ಕರೆತಂದಿದ್ದ ಹುಡುಗಿಯರ ಕೊಡದಲ್ಲಿ ನೀರಿರಲಿಲ್ಲ. ಖಾಲಿ ಕೊಡಕ್ಕೆ ಸೊಂಟ ಬಾಗುವ ರೀತಿಯೇ ಬೇರೆ, ಅದು ಕ್ಯಾಮೆರಾಕ್ಕೆ ಗೊತ್ತಾಗುತ್ತಿತ್ತು. ನೋಡಲು ನಿಂತಿದ್ದ ಗುಂಪಿನಿಂದ ಹೊನ್ನಮ್ಮನೆಂಬ ಆ ಹುಡುಗಿಯನ್ನು ಕರೆದು, ತುಂಬಿದ ಕೊಡ ಹೊರಿಸಿ, ನಡೆ ಎಂದರು. ನಡೆದಳು. ಆ ಸಂಜೆಯೇ ಹೊನ್ನಮ್ಮ ಹೋಗಿ ಸುವರ್ಣಾ ಆದಳು. ಆಮೇಲೆ ಸಂದರ್ಶನಕ್ಕೆ ಬಂದ ಪ್ರತಿಯೊಬ್ಬ ಪತ್ರಕರ್ತನೂ ಅವಳನ್ನು ಕೆರೆಯ ಪಕ್ಕದ ಗುಡಿಯ ಗೋಡೆಗೆ ಒರಗಿಸಿ ಫೋಟೋ ತೆಗೆಸಿದ; ಕೊಡದಲ್ಲಿ ನೀರಿತ್ತೇ ಎಂದು ಒಬ್ಬನೂ ಕೇಳಲಿಲ್ಲ. ಬಸ್ಸು ಬದಲಿಸುವಾಗ ಗುಡಿಯ ಕಡೆ ತಿರುಗಿ ನೋಡದೆ ಮಾದಿಹಳ್ಳಿಯ ಬಸ್ಸು ಹತ್ತಿದಳು.

ಮನೆಯ ಜಗುಲಿಯಲ್ಲಿ ಅವ್ವ ಭಾಗಮ್ಮ, ಅಣ್ಣ ಉಗ್ರಪ್ಪನ ಹೆಂಡತಿ ಅನುಸೂಯಮ್ಮ, ಅಕ್ಕಪಕ್ಕದ ಇಬ್ಬರು ಹೆಂಗಸರು ಕೂತಿದ್ದರು. ಅಣ್ಣ ಹಾಲಿನ ಡೈರಿಗೆ ಹೋಗಿದ್ದ. ಸುವರ್ಣಾಳನ್ನು ಕಂಡದ್ದೇ ಅವ್ವ ದಡಕ್ಕನೆ ಎದ್ದು ರಸ್ತೆಯ ಆ ತುದಿ ಈ ತುದಿ ನೋಡಿದಳು.

'ಯಾರಾದ್ರೂ ನೋಡಿದ್ರೇನೇ ನಿನ್ನ?'

'ಬಸ್ಸಲ್ಲಿ ಬಂದೆ ಅವ್ವ, ಎಲ್ಲರೂ ನೋಡಿದ್ರು.'

'ಬಿಕ್ಕೋಡೋರು ಯಾರಾದ್ರೂ?'

'ಇಲ್ಲ. ಯಾಕೆ? ಅವ್ವ, ನಿನ್ನ ಹತ್ರ ಒಂದು ಮಾತು ಹೇಳಬೇಕು. ನಾನು ಇನ್ನು ಮೇಲೆ ಈ ಕೆಲಸ ಬಿಟ್ಬಿಡ್ತೀನಿ. ಸಾಕಾಯ್ತು.'

'ಬಿಡು, ಬಿಡು' ಎಂದಳು ಅವ್ವ, ಅವಳ ರಟ್ಟೆ ಹಿಡಿದು ಒಳಕ್ಕೆ ನೂಕುತ್ತ. 'ಮೊದ್ಲು ಒಳೀಕೆ ನಡಿ. ಚಪ್ಲಿ ಎತ್ಕೊ. ಅನುಸೂಯಾ, ಆ ಬ್ಯಾಗು ಒಳೀಕಾಕು.'

ಇಷ್ಟು ದೂರ ಹೊತ್ತು ತಂದ ಮಾತು ಇಷ್ಟರಲ್ಲಿ ಮುಗಿದುಹೋಗಿತ್ತು. ಬಯಸಿದ ಪದವೇ ಬಂದಿತ್ತು, 'ಬಿಡು' ಎಂದು. ಅದು ಚಪ್ಪಲಿಗೂ ಅವಳಿಗೂ ಸಮನಾಗಿ ಅನ್ವಯಿಸುವಂತೆ ಬಂದಿತ್ತು. ನಡುಮನೆ ದಾಟಿ ಒಳಕೋಣೆಯಲ್ಲಿ, ರಾಗಿಮೂಟೆಗಳ ಪಕ್ಕ, ಅವ್ವ ಅವಳನ್ನು ಕೂರಿಸಿ ದನಿ ತಗ್ಗಿಸಿ ಹೇಳಿದಳು. ಗೌರಿಹಬ್ಬಕ್ಕೆ ಬಂದಾಗ ಹಿತ್ತಲಲ್ಲಿ ಅವಳ ತಲೆಗೆ ಕಾಗೆ ಬಡಿದದ್ದು ನೆನಪಿದೆಯಲ್ಲ? ಕಾಗೆ ಮುಟ್ಟಿದರೆ ಜೀವಕ್ಕೆ ಕಂಟಕ. ಅದು ಕಳೆಯಬೇಕಾದರೆ ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಆ ಕಣ್ಣೀರಿಗೆ ಕಂಟಕ ಕೊಚ್ಚಿಹೋಗಿ ಆಯಸ್ಸು ಗಟ್ಟಿಯಾಗುತ್ತದೆ. ಆಗಲೇ ಮಾಡೋಣ ಎಂದರೆ ಇವಳು ಬಿಡಲಿಲ್ಲ, ಪೇಪರಿನವರಿಗೆ ಗೊತ್ತಾದರೆ ನಗುತ್ತಾರೆ ಎಂದು ಗದರಿದ್ದಳು. ಎರಡು ತಿಂಗಳಿಂದ ಅವ್ವನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ನಿನ್ನೆ ಸಂಜೆ ಟಿ.ವಿ.ಯಲ್ಲಿ ಹಾರ ಹಾಕಿದ ಫೋಟೋ ಕಂಡದ್ದೇ, ದೇವರೇ ದಾರಿ ತೋರಿಸಿದ ಎಂದು ಎದ್ದು, ಬಿಕ್ಕೋಡಿನ ತಂಗಿಗೆ ಫೋನು ಮಾಡಿದ್ದಳು.

'ಚಿಕ್ಕವ್ವಂಗಾ? ಏನಂತ ಹೇಳ್ದೆ?'

'ಹೊನ್ನಿ ಹೋಗ್ಬಿಟ್ಲು ಕಣೇ, ಬಸ್ಸು ಮಗುಚ್ಕಂತು ಅಂದೆ. ಫೋನಿಟ್ಟೆ.'

'ಅವ್ವಾ! ಸುಳ್ಳು ಹೇಳ್ದೆಯಾ?'

'ಯಾಕೆ ಸುಳ್ಳು? ಊರಿಗೂರೇ ನೋಡೈತೆ ನೀನು ಸತ್ತಿದ್ದ' ಎಂದಳು ಅವ್ವ, ತುಸು ನೊಂದು. 'ಅವ್ಳ ಮನೇಲಿ ಟೀವಿ ಕೆಟ್ಟದೆ. ಅದ್ಕೇ ಅವ್ಳಿಗೇ ಮಾಡಿದ್ದು. ನೋಡಿದೋರಿಗೆ ಹೇಳಿದ್ರೆ ಅಳು ನಿಜ ಆಯ್ತದಾ? ಈಗ ಬತ್ತಾಳೆ ಹನ್ನೆರಡರ ಬಸ್ಸಿಗೆ. ಅವ್ಳು ಅತ್ತು ಮುಗ್ಸಗಂಟ ನೀನು ಈಚೆ ಬರಂಗಿಲ್ಲ. ಮಧ್ಯದಾಗೆ ಬಂದ್ಯೋ, ಎಲ್ಲಾ ನೀರಲ್ಲಿ ಹೋಮ.'

ಬಾಗಿಲು ಎಳೆದುಕೊಂಡು ಅವ್ವ ಹೋದಳು. ಅರವತ್ತು ದಾಟಿದ ಹೆಂಗಸೊಬ್ಬಳು ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ಬೇಲೂರಿಗೆ ಬಂದು ಬಸ್ಸಿಗೆ ಕಾದು ನಿಂತಿರುವುದು ಸುವರ್ಣಾಳ ಕಣ್ಣಿಗೆ ಕಟ್ಟಿತು. ಕ್ರೂರ, ಮೂರ್ಖ, ನಾಚಿಕೆಗೇಡು. ಚಿಕ್ಕವ್ವ ರಸ್ತೆಯಲ್ಲಿ ಕಂಡ ಕೂಡಲೆ ಓಡಿಹೋಗಿ ತಡೆಯುವುದೆಂದು ತೀರ್ಮಾನಿಸಿ ಬಾಗಿಲ ಸಂದಿಗೆ ಬಂದು ನಿಂತಳು. ಹೊರಗೆ ಪಕ್ಕದ ಮನೆಯವಳು ಕೇಳುತ್ತಿದ್ದಳು, ಅತ್ತವರಿಗೆ ಊಟಕ್ಕೆ ಪಾಯಸ ಮಾಡಬಹುದೋ ಇಲ್ಲವೋ ಎಂದು. ಮಾಡಬಹುದು, ಆದರೆ ಅಳುವ ಮೊದಲು ಬೆಲ್ಲದ ವಾಸನೆ ಬರಬಾರದು ಎಂದು ಅನುಸೂಯಮ್ಮ ತೀರ್ಪು ಕೊಟ್ಟಳು.

ಅಳು ಮೊದಲು ರಸ್ತೆಯಿಂದ ಬಂತು. ಮನುಷ್ಯಳು ಕಾಣುವ ಮುಂಚೆ ದನಿ. ತೆಳ್ಳಗೆ ಮೇಲೆದ್ದು, ಮೇಲೇ ನಿಂತು, ಮೆಟ್ಟಿಲಿಳಿದಂತೆ ಕೆಳಗಿಳಿಯುವ ದನಿ. ಬಾಗಿಲಿಗೆ ಕೈಹಾಕಿದ್ದ ಸುವರ್ಣಾ ಅಲ್ಲೇ ನಿಂತಳು. ಒಂದು ಹೆಜ್ಜೆ ಸಾಕಾಗಿತ್ತು. ಆ ಹೆಜ್ಜೆಯನ್ನು ಅವಳು ಇಡಲಿಲ್ಲ. ಯಾಕೆಂದು ಆ ಕ್ಷಣವೇ ಗೊತ್ತಿತ್ತು, ಗೊತ್ತಿದ್ದೇ ಇಡಲಿಲ್ಲ. ತನ್ನ ಬಗ್ಗೆ ಏನು ಹೇಳಿ ಅಳುತ್ತಾಳೋ ಕೇಳಬೇಕಾಗಿತ್ತು. ಪ್ರಶಸ್ತಿ ಸಮಿತಿಯವರು ಬರೆದ ನಾಲ್ಕು ಸಾಲು ಅವಳಿಗೆ ಬಾಯಿಪಾಠವಿತ್ತು, 'ಸಂಯಮಪೂರ್ಣ ಅಭಿನಯ' ಎಂದು. ಪತ್ರಿಕೆಗಳು ಬರೆದದ್ದೂ ಗೊತ್ತಿತ್ತು. ನಾಳೆ ನಿಜವಾಗಿ ಸತ್ತರೆ ಒಳಪುಟದಲ್ಲಿ ಏನು ಬರುತ್ತದೆಂದು ಬೇಕಾದರೆ ಅವಳೇ ಬರೆದುಕೊಡಬಲ್ಲಳು. ಚಿಕ್ಕವ್ವ ಸಣ್ಣತಾಯಮ್ಮ ಏನನ್ನುತ್ತಾಳೆಂಬುದು ಗೊತ್ತಿರಲಿಲ್ಲ. ಮುದುಕಿಯ ಎದೆ ಒಡೆಯುತ್ತಿರುವಾಗ ತಾನು ಬಾಗಿಲ ಹಿಂದೆ ನಿಂತು ವಿಮರ್ಶೆಗೆ ಕಾಯುತ್ತಿದ್ದೇನೆ ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ಕಿವಿಯನ್ನು ಹಲಗೆಗೆ ಇನ್ನಷ್ಟು ಒತ್ತಿದಳು.

ಚಿಕ್ಕವ್ವ ಜಗುಲಿಯ ಮೇಲೆ ಕುಸಿದು ಕೂತ ಸದ್ದು. ಅವ್ವ ಏನೋ ಹೇಳಹೋದಳು. ಚಿಕ್ಕವ್ವನಿಗೆ ಕೇಳುವ ವ್ಯವಧಾನವಿರಲಿಲ್ಲ. ಆ ಕಡೆಯ ಹಳಬರು ಅಳುವುದೆಂದರೆ ಹಾಡಿಕೊಂಡೇ ಅಳುವುದು. ಸತ್ತವರನ್ನು ಎದುರಿಗೆ ಕೂರಿಸಿಕೊಂಡು ಅವರ ಬದುಕನ್ನು ಅವರಿಗೇ ಹೇಳುವುದು.

'ಅಯ್ಯೋ ನನ್ ಹೊನ್ನೀ, ಕೆರೆ ಏರಿ ಮ್ಯಾಲೆ ಕೊಡ ಹೊತ್ಕಂಡು ಹೋದೋಳು ಈಚೆಗೆ ಬರ್ಲೇ ಇಲ್ಲವಲ್ಲೇ... ತಾಳಿ ಕಟ್ದಿರೋ ಗಂಡಂದಿರ್ಗೆ ಹೆಂಡ್ತಿ ಆದ್ಯಲ್ಲೇ, ಹೆರ್ದಿರೋ ಮಕ್ಕಳ್ಗೆ ತಾಯಾದ್ಯಲ್ಲೇ... ಊರೋರೆಲ್ಲ ನೋಡೋ ಮುಖವ ಒಬ್ಳೇ ಕೂತ್ಕಂಡು ತೊಳ್ಕಂಡ್ಯಲ್ಲೇ ನನ್ನವ್ವಾ...'

ಸುವರ್ಣಾ ಬಾಗಿಲಿಗೆ ಹಣೆಯಾನಿಸಿದಳು. ರಾತ್ರಿ ಬಣ್ಣ ತೊಳೆಯುವಾಗ ಕನ್ನಡಿಯಲ್ಲಿ ಕಾಣುವ ಮುಖ ಚಿಕ್ಕವ್ವನಿಗೆ ಹೇಗೆ ಗೊತ್ತು? ಬೆಂಗಳೂರಿನ ಮನೆಗೆ ಅವಳು ಒಮ್ಮೆಯೂ ಬಂದವಳಲ್ಲ. ದನಿ ಮತ್ತೆ ಮೇಲೇರಿ ಅಲ್ಲೇ ನಿಂತಿತು; ಆ ನಿಲ್ಲುವಿಕೆ ಸುವರ್ಣಾಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ಜಗುಲಿಯಲ್ಲಿ ಅಪ್ಪನ ಹೆಣ ಮಲಗಿಸಿದ್ದರು. ಶೂಟಿಂಗಿನಿಂದ ನೇರ ಬಂದವಳ ಕಿವಿಯ ಹಿಂದೆ ಇನ್ನೂ ಬಣ್ಣವಿತ್ತು. ಸಿನಿಮಾದವಳು ಹೇಗೆ ಅಳುತ್ತಾಳೆಂದು ನೋಡಲು ಊರೇ ನೆರೆದಿತ್ತು; ಹಿಂದೆ ಯಾರೋ, 'ಸುಮ್ಕಿರಿ, ಈಗ ಅಳ್ತಾಳೆ' ಎಂದರು. ಅವಳ ಕಣ್ಣು ಒಣಗಿಹೋಯಿತು. ಒಂದು ಹನಿ ಬರಲಿಲ್ಲ. ಆಗ ಚಿಕ್ಕವ್ವ ಅವಳನ್ನು ಹಿಂದಕ್ಕೆ ಸರಿಸಿ ಮುಂದೆ ಕೂತು, ಅವಳ ಪಾಲಿನದನ್ನೂ ಸೇರಿಸಿ ಅತ್ತಳು. ಸುವರ್ಣಾ ನೋಡಿದಳು. ಅಪ್ಪನನ್ನಲ್ಲ, ಚಿಕ್ಕವ್ವನನ್ನು: ದನಿ ಎಲ್ಲಿ ಏರುತ್ತದೆ, ಎಲ್ಲಿ ತಡೆಯುತ್ತದೆ, ಅಂಗೈ ನೆಲವನ್ನು ಹೇಗೆ ಸವರುತ್ತದೆ. ಎರಡು ವರ್ಷದ ಮೇಲೆ ಸಿನಿಮಾದಲ್ಲಿ ಗಂಡನ ಹೆಣದ ಮುಂದೆ ಅದನ್ನೇ, ಉಸಿರಿಗೆ ಉಸಿರು ಸೇರಿಸಿ, ಮಾಡಿದಳು. ರಾಜ್ಯಪ್ರಶಸ್ತಿ ಬಂದದ್ದು ಅದಕ್ಕೆ. ಎಲ್ಲಿಂದ ಬಂತು ಎಂದು ಕೇಳಿದವರಿಗೆ 'ಒಳಗಿನಿಂದ' ಎಂದು ಉತ್ತರ ಕೊಟ್ಟಿದ್ದಳು, ಅಚ್ಚಿನಲ್ಲೂ ಬಂದಿತ್ತು. ಚಿಕ್ಕವ್ವ ಆ ಸಿನಿಮಾ ನೋಡಿಲ್ಲವೆಂದು ನಂಬಿಕೊಂಡು ಅಂದಿನಿಂದ ಇಂದಿನವರೆಗೆ ಬಿಕ್ಕೋಡಿಗೆ ಹೋಗುವುದನ್ನು ತಪ್ಪಿಸಿಕೊಂಡಿದ್ದಳು.

'ಅಪ್ಪನ ಮುಂದೆ ಅಳು ಬರ್ದೆ ಕಲ್ಲಾಗಿ ನಿಂತಿದ್ಯಲ್ಲೇ ಕಂದಾ... ನನ್ ಅಳು ಇಸ್ಕಂಡು ಹೋದ್ಯಲ್ಲೇ... ಅರಸೀಕೆರೆ ಟಾಕೀಸ್ನಾಗೆ ಕತ್ಲಲ್ಲಿ ಕೂತು ನನ್ ಕೊರಳ ನಾನೇ ಕೇಳ್ದೆನಲ್ಲೇ... ಹೆಣ್ಮಕ್ಕಳಿಲ್ದೋಳು ನಾನು, ನಾನೋದಾಗ ನೀನು ಬಂದು ಹಿಂಗೇ ಅತ್ತೀಯೆ ಅಂತ ಇದ್ದೆನಲ್ಲೇ... ನನ್ ಅಳು ಹೊತ್ಕಂಡು ನೀನು ಮುಂದಾಗಿ ಹೋದ್ರೆ ನಂಗ್ಯಾರೇ ಅಳೋರು...'

ಮುಗಿಯುವ ತನಕ ಬರಬಾರದೆಂದು ಅವ್ವ ಹೇಳಿದ್ದು ಅವಳ ನೆನಪಿನಲ್ಲಿರಲಿಲ್ಲ. ಬಾಗಿಲು ಗೋಡೆಗೆ ಬಡಿಯಿತು. ನಡುಮನೆ ದಾಟಿ ಜಗುಲಿಗೆ ಬಂದವಳ ಮುಖ ಪೂರ್ತಿ ಒದ್ದೆಯಾಗಿತ್ತು. ಅದು ಅವಳಿಗೆ ತಿಳಿದದ್ದು ಗಾಳಿ ತಾಗಿದಾಗ. 'ಚಿಕ್ಕವ್ವ' ಎಂದಳು.

ಚಿಕ್ಕವ್ವ ತಲೆಯೆತ್ತಿದಳು. ಎಳೆದ ದನಿ ಅರ್ಧದಲ್ಲೇ ನಿಂತಿತು. ಮೊದಲು ಸುವರ್ಣಾಳ ಮುಖ ನೋಡಿದಳು, ಆಮೇಲೆ ಪಾದ ನೋಡಿದಳು, ಪಾದ ಸರಿಯಾದ ದಿಕ್ಕಿಗೇ ಇರುವುದನ್ನು ಕಂಡು ಮತ್ತೆ ಮುಖ ನೋಡಿದಳು. ಎದ್ದು ಬಂದು ಗಲ್ಲವನ್ನು ಮುಟ್ಟಿದಳು. ಮುಟ್ಟಿದ ಕೈಯಲ್ಲೇ ಒಂದು ಬಾರಿಸಿದಳು.

'ಮುಂಡೇದೇ! ರಾತ್ರಿಯಿಂದ ಒಂದ್ ತೊಟ್ಟು ನೀರು ಇಳ್ದಿಲ್ಲ ಕಣೇ ಗಂಟ್ಲಾಗೆ!' ಆಮೇಲೆ ಅಕ್ಕನ ಕಡೆ ತಿರುಗಿದಳು. 'ನಿನ್ ಬಾಯಿಗೆ ಮಣ್ಣಾಕ. ಕಾಗೆ ಅಲ್ವಾ? ನಂಗೊತ್ತು, ಕಾಗೇದೇ ಕೆಲ್ಸ. ಹೋದ ಸಲ ನಿನ್ ಗಂಡುಂಗೆ ಬಡಿದಾಗ್ಲೂ ನನ್ನೇ ಅಳ್ಸಿದ್ದೆ. ಬೇರೆ ಯಾರೂ ಸಿಗಾಕಿಲ್ವಾ ನಿಂಗೆ?'

'ನಿನ್ನಂಗೆ ಯಾರು ಅಳ್ತಾರೆ ಹೇಳು' ಎಂದಳು ಅವ್ವ. ಅದು ಪುಸಲಾವಣೆಯಲ್ಲ, ನಿಜವನ್ನೇ ಹೇಳುತ್ತಿದ್ದಳು. 'ನೋಡು, ಅವ್ಳ ಮುಖ ಹೆಂಗೆ ಕಳೆಕಳೆಯಾಗೈತೆ. ಕಂಟ್ಕ ಹೋಯ್ತು.'

'ಹೋಯ್ತದೆ ಹೋಯ್ತದೆ. ನನ್ ಜೀವ ಹೋಗೋದೊಂದು ಬಾಕಿ ಇತ್ತು.' ಚಿಕ್ಕವ್ವ ನಗುವುದಕ್ಕೆ ಶುರುಮಾಡಿದಳು. ಅಳುವಿನ ಉಸಿರು ಇನ್ನೂ ಕಳೆದಿರಲಿಲ್ಲವಾಗಿ ಎರಡೂ ಬೆರೆತು ಬಿಕ್ಕಳಿಕೆ ಬಂತು. ಅನುಸೂಯಮ್ಮ ನೀರು ತಂದುಕೊಟ್ಟು, ಇನ್ನು ಬೆಲ್ಲ ಕರಗಿಸಬಹುದಲ್ಲ ಎಂದು ಅತ್ತೆಯ ಮುಖ ನೋಡಿ ಅಡುಗೆಮನೆಗೆ ಹೋದಳು.

ಊಟಕ್ಕೆ ಕೂತಾಗ ಸುವರ್ಣಾ ಚಿಕ್ಕವ್ವನ ಪಕ್ಕವೇ ಕೂತಳು. ಎಲೆಯನ್ನೇ ನೋಡುತ್ತ ಹೇಳಿದಳು: 'ಚಿಕ್ಕವ್ವ, ಆ ಸಿನಿಮಾದಲ್ಲಿ ಅತ್ತಿದ್ದು ನಿನ್ನ ಅಳು. ನಿನ್ನ ಕೇಳದೆ ತಗೊಂಡೆ. ಎಲ್ಲೂ ನಿನ್ನ ಹೆಸರು ಹೇಳ್ಲಿಲ್ಲ.'

'ಅಳೋದ ಯಾರಾದ್ರೂ ಕೇಳಿ ತಗತಾರೇನೇ?' ಚಿಕ್ಕವ್ವ ಪಾಯಸದ ಕಡೆ ಗಮನವಿಟ್ಟು ಕೇಳಿದಳು. 'ನಾನು ಮದ್ವೆಯಾಗಿ ಬಿಕ್ಕೋಡಿಗೆ ಹೋದಾಗ ನಮ್ಮತ್ತೆ ಅಳ್ತಿದ್ಲು ನೋಡು ಹಿಂಗೆ. ಅವ್ಳ ತಾವ ನಾನು ತಗಂಡೆ. ಅವ್ಳು ಯಾರ ತಾವ ತಗಂಡಿದ್ಲೋ. ಟಾಕೀಸ್ನಾಗೆ ಪಕ್ಕದೋಳಿಗೆ ಹೇಳ್ದೆ, ಇದು ನಂದು ಕಣೇ ಅಂತ. ಅವ್ಳು ನಂಬ್ಲಿಲ್ಲ, ಸುಮ್ಕೆ ಕೂತ್ಕೊ ಅಂದ್ಲು.'

'ಇನ್ನೊಂದು ಸಲ ಹೇಳ್ತೀಯಾ? ಕೊನೇಲಿ ಹೇಳಿದ್ಯಲ್ಲ, ಅದು.'

'ಎದ್ರಿಗೆ ಉಂಡ್ಕಂಡು ಕೂತೋಳ ಮುಂದೆ ಅದು ಬರಾಕಿಲ್ಲ ಕಣೇ ಹೊನ್ನಿ. ನಾನು ಸಾಯಗಂಟ ತಡಿ, ನೀನೇ ಹೇಳ್ಕಂಡೀಯೆ.' ಹೇಳಿ, ತಾನು ಹೇಳಿದ್ದು ತನಗೇ ಹಿಡಿಸಿದಂತೆ ತಲೆಯಾಡಿಸಿ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಳು. ಎಂಬತ್ತೋ ತೊಂಬತ್ತೋ ವರ್ಷದ ಹಿಂದೆ ಬಿಕ್ಕೋಡಿನಲ್ಲಿ ಯಾವುದೋ ಹೆಣದ ಮುಂದೆ ಕೂತ ಯಾವುದೋ ಹೆಂಗಸಿನ ದನಿ ಅವಳಿಂದಿವಳಿಗೆ ದಾಟಿ, ಒಮ್ಮೆ ತನ್ನ ಬಾಯಿಗೂ ಬಂದು ಹೋಗಿತ್ತು ಎಂಬುದನ್ನು ಸುವರ್ಣಾ ನಿಧಾನವಾಗಿ ಗ್ರಹಿಸಿದಳು. ಕದ್ದ ಮಾಲೆಂದು ಅವಳು ಇಪ್ಪತ್ತು ವರ್ಷ ಬಚ್ಚಿಟ್ಟದ್ದನ್ನು ಚಿಕ್ಕವ್ವ ತಾನೇ ಕೊಟ್ಟದ್ದೆಂದುಕೊಂಡು, ಒಂದು ದಿನ ತನ್ನ ಸಾವಿಗೆ ವಾಪಸು ಬರುತ್ತದೆಂದು ನಂಬಿ ಕೂತಿದ್ದಳು. ಬ್ಯಾಗಿನಲ್ಲಿದ್ದ ಸ್ಕ್ರಿಪ್ಟಿನ ಮುದುಕಿ ಮೊದಲ ಪುಟದಿಂದ ಅವಳು ಓದಿ ನಿಲ್ಲಿಸಿದ ಪುಟದ ತನಕ ಒಂದೇ ಒಂದು ಮಾತನ್ನೂ ಆಡಿರಲಿಲ್ಲ. ಆಗ ಅದು ಅವಮಾನ ಎನ್ನಿಸಿತ್ತು. ಕೈ ತೊಳೆದು ಬಂದು, ಅದನ್ನು ತೆಗೆದು, ಕಂಬಕ್ಕೊರಗಿ ಉಳಿದರ್ಧ ಓದಿದಳು. ಮುದುಕಿ ಕೊನೆಯ ತನಕವೂ ಬಾಯಿಬಿಡಲಿಲ್ಲ. ಬಾಯಿಬಿಟ್ಟು ಅಳಬೇಕಾದ ಜಾಗವೊಂದಿತ್ತು, ಬರೆದವನಿಗೆ ಅದು ಕಂಡಿರಲಿಲ್ಲ.

ಮಾದಿಹಳ್ಳಿಯಲ್ಲಿ ಅವಳ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನಡುಮನೆಯ ಫೋನಿನಿಂದ ಚನ್ನಕೇಶವನ ನಂಬರು ಒತ್ತಿ ತನ್ನ ಹೆಸರು ಹೇಳಿದಳು. ಹೆಂಗಸರೆಲ್ಲ ಎಲೆಅಡಿಕೆ ಹಾಕಿಕೊಳ್ಳುತ್ತ, ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ ಸುಮ್ಮನಾದರು.

'ಮೇಡಂ! ಬೆಳಿಗ್ಗೆಯಿಂದ ಫೋನು ಮಾಡ್ತಾ ಇದೀನಿ, ಸಿಗ್ತಾನೇ ಇಲ್ಲ ನೀವು.'

'ನಿಮ್ಮ ಮುದುಕಿ ಯಾವ ಊರಿನೋಳು?'

'ಅಂದ್ರೆ ಮೇಡಂ?'

'ಸ್ಕ್ರಿಪ್ಟಲ್ಲಿ ಇಲ್ಲ. ಎಲ್ಲಿ ಹುಟ್ಟಿದ್ಲು, ಯಾವ ಊರಿಗೆ ಕೊಟ್ಟಿದ್ರು?'

'ಅದು... ಯಾವುದೋ ಒಂದು ಹಳ್ಳಿ ಅಂತ ಇಟ್ಕೊಂಡಿದೀನಿ ಮೇಡಂ. ಎಲ್ಲಾದ್ರೂ ಆಗಬಹುದು.'

'ಎಲ್ಲಾದ್ರೂ ಆದ್ರೆ ನಂಗೆ ಪಾತ್ರ ಮಾಡೋಕಾಗಲ್ಲ ಚನ್ನಕೇಶವ. ಬಿಕ್ಕೋಡು ಅಂತ ಬರ್ಕೊಳ್ಳಿ. ಬಿಕ್ಕೋಡಿಗೆ ಕೊಟ್ಟಿದ್ರು. ಅವಳು ಅಲ್ಲಿ ಅವಳ ಅತ್ತೆ ಹತ್ರ ಒಂದು ವಿದ್ಯೆ ಕಲಿತಿದ್ಲು, ಅದನ್ನ ನಾನು ಬಂದ ಮೇಲೆ ಹೇಳ್ತೀನಿ.'

'ಯಾರ್ಗೇ ಅದು, ಬಿಕ್ಕೋಡು ಬಿಕ್ಕೋಡು ಅಂತಾ ಇರೋದು?' ಚಿಕ್ಕವ್ವ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಕೂಗಿದಳು. 'ನನ್ ಮನೆ ಅಡ್ರೆಸ್ಸು ಯಾಕೆ ಕೊಡ್ತೀಯೆ ಸಿನಿಮಾದೋರ್ಗೆ?'

ಸುವರ್ಣಾ ಸುಮ್ಮನಿರೆಂದು ಅವಳಿಗೆ ಕೈಯಾಡಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು ಕೇಳಿದಳು: 'ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ?'